ಉಸಿರು ಕೇಳಿಸ್ತು

"ಕಿವಿಗೆ ಸೋಪಿನ ನೊರೆ ತುಂಬ್ಕೊಂಡಿದ್ಯೇನೇ? ಫೋನು ಎಲ್ಲಿ ಅಂದೆ."

ಸೂಪರ್‌ವೈಸರ್ ಕೂಗಿದ್ದು ಲಾಂಡ್ರಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಕೇಳಿಸಲೆಂದೇ ಅವನು ಕೂಗಿದ್ದು. ಅಕ್ಕ ತಲೆ ಎತ್ತಲಿಲ್ಲ. ಕಾದ ಉರುಳೆಗಳ ನಡುವಿನಿಂದ ಹೊರಬರುತ್ತಿದ್ದ ಬೆಡ್‌ಶೀಟಿನ ಅಂಚು ಹಿಡಿದು, ಎದುರಿಗೆ ನಿಂತಿದ್ದ ಕುಳ್ಳಿಯ ಕೈಯ ಅಂಚಿಗೆ ಸೇರಿಸಿ, ಮಡಚಿ, ಪಕ್ಕದ ರಾಶಿಗೆ ಹಾಕಿದಳು.

"ಯಾವ ಫೋನು ಸಾರ್?"

"ಸತ್ತಳಲ್ಲ, ಅವಳದು. ಬಟ್ಟೆ ಸಿಕ್ತು, ಚಪ್ಪಲಿ ಸಿಕ್ತು, ಬಾಚಣಿಗೇನೂ ಸಿಕ್ತು. ಫೋನು ಮಾತ್ರ ಎದ್ದು ನಡ್ಕೊಂಡು ಹೋಯ್ತಾ?"

"ನಂಗೊತ್ತಿಲ್ಲ ಸಾರ್."

"ಮೇಲಿನ ಮಂಚ ಅವಳದು, ಕೆಳಗಿನ ಮಂಚ ನಿಂದು. ಅವಳು ಹೂಸು ಬಿಟ್ರೂ ನಿಂಗೆ ಗೊತ್ತಾಗ್ಬೇಕು. ಗೊತ್ತಿಲ್ವಂತೆ, ಬೋಳಿಮುಂಡೆಗೆ." ಅವನು ಬೂಟುಗಾಲಿನಿಂದ ಮಡಚಿಟ್ಟ ರಾಶಿಯನ್ನು ಒದ್ದ. ಬಿಳಿ ಶೀಟುಗಳು ಒದ್ದೆ ನೆಲದ ಮೇಲೆ ಹರಡಿಕೊಂಡವು. "ಗಲೀಜಾಯ್ತು ನೋಡು. ಮತ್ತೆ ಒಗಿ. ಒಗೀತಾ ಒಗೀತಾ ಜ್ಞಾಪಕ ಬರುತ್ತೆ."

ಅವನು ಹೋದ. ಅಕ್ಕ ಬಗ್ಗಿ ಶೀಟುಗಳನ್ನು ಎತ್ತಿಕೊಂಡಳು. ಫೋನು ಅವಳ ಸೊಂಟದಲ್ಲೇ ಇತ್ತು, ಬಟ್ಟೆಯೊಳಗೆ, ಹೊಟ್ಟೆಗೆ ಒತ್ತಿಕೊಂಡು. ಕುಳ್ಳಿಗೆ ಅದು ಗೊತ್ತಿತ್ತು. ಅವಳು ಮುಖ ಆ ಕಡೆಗೆ ತಿರುಗಿಸಿಕೊಂಡಳು.

ಆ ಹಡಗು ಮೋಜಿನ ಹಡಗು. ಮೇಲಿನ ಮಹಡಿಗಳಲ್ಲಿ ಈಜುಕೊಳ, ನಾಟಕಶಾಲೆ, ಹಗಲೂ ರಾತ್ರಿ ತೆರೆದಿರುವ ಊಟದ ಮನೆಗಳು. ಲಾಂಡ್ರಿ ಇದ್ದದ್ದು ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿಗೆ ಕಿಟಕಿ ಇಲ್ಲ. ಸಮುದ್ರದ ಮೇಲೆ ವರ್ಷಗಟ್ಟಲೆ ಇದ್ದರೂ ಅಲ್ಲಿನ ಹೆಂಗಸರು ಸಮುದ್ರ ನೋಡಿದ್ದು ಅಪರೂಪ. ಅವರು ನೋಡುತ್ತಿದ್ದದ್ದು ಮೇಲಿನವರು ಮಲಗಿ ಎದ್ದ ಶೀಟುಗಳನ್ನು, ಅವರ ಮೈ ಒರೆಸಿದ ಟವಲುಗಳನ್ನು. ಅಕ್ಕ ಅವರಲ್ಲೆಲ್ಲ ಹಳಬಳು. ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ದುಡಿಮೆಯಿಂದ ಮನೆಯಲ್ಲಿ ಹಾಸಿಗೆ ಹಿಡಿದ ಗಂಡನಿಗೆ ಔಷಧಿ ನಡೆಯುತ್ತಿತ್ತು. ಹಾಗಾಗಿ ಯಾರು ಏನಂದರೂ ಬಾಯಿ ಬಿಗಿಹಿಡಿದುಕೊಂಡೇ ಅಷ್ಟು ವರ್ಷ ಕಳೆದಿದ್ದಳು.

ಮೇಲಿನ ಮಂಚದವಳಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಅಕ್ಕನೇ. ಬಾಯಿಗೆ ಬಿಡುವೇ ಇರಲಿಲ್ಲ ಆ ಹುಡುಗಿಗೆ. ಟವಲು ಮಡಚುತ್ತ ಮಾತು, ಉಣ್ಣುತ್ತ ಮಾತು, ಕೊನೆಗೆ ನಿದ್ದೆಯಲ್ಲೂ ಮಾತು. ಊರಿನಲ್ಲಿ ತಾಯಿ ಇದ್ದಳು, ತಾಯಿಯ ಹತ್ತಿರ ಗುಬ್ಬಿಯ ಮಗಳು ಇತ್ತು. ಮಗುವಿನ ಅಪ್ಪ ಎಲ್ಲಿದ್ದಾನೆಂದು ಕೇಳಿದರೆ, "ಅವನಿಗೇ ಗೊತ್ತಿಲ್ಲ ಬಿಡಕ್ಕ," ಎಂದು ನಗುತ್ತಿದ್ದಳು.

ಮನೆಗೆ ಮಾತಾಡಬೇಕೆಂದರೆ ಕೆಲಸದವರು ನೆಟ್ ಕಾರ್ಡು ಕೊಳ್ಳಬೇಕು. ಕಾರ್ಡು ಮಾರುವುದೂ ಕಂಪನಿಯೇ, ಬೆಲೆ ಕಟ್ಟುವುದೂ ಕಂಪನಿಯೇ, ಸಂಬಳದಲ್ಲಿ ಹಿಡಿದುಕೊಳ್ಳುವುದೂ ಕಂಪನಿಯೇ. ಲಾಂಡ್ರಿಯೊಳಗೆ ಸಿಗ್ನಲ್ ಇರಲಿಲ್ಲ, ಬಾಗಿಲಿನಾಚೆಯ ಕಬ್ಬಿಣದ ಮೆಟ್ಟಿಲಿಗೋ ಓಣಿಗೋ ಬಂದರೆ ಸಿಗುತ್ತಿತ್ತು. ಕೇಳಿಸ್ತಾ, ಕೇಳಿಸ್ತಾ ಎನ್ನುವುದರಲ್ಲೇ ಅರ್ಧ ಕಾರ್ಡು ಕರಗುತ್ತಿತ್ತು.

"ಹಲೋ ಅನ್ಬೇಡಮ್ಮ. ಹಲೋಗೂ ದುಡ್ಡು ಹೋಗುತ್ತೆ," ಎಂದು ಗುಬ್ಬಿ ತಾಯಿಗೆ ತಾಕೀತು ಮಾಡುತ್ತಿದ್ದಳು.

"ಹಲೋ ಅನ್ನದೆ ಹೆಂಗೆ ಶುರು ಮಾಡ್ಲಿ? ಬೈದು ಶುರು ಮಾಡ್ಲಾ?" ಎಂದು ತಾಯಿ ಆ ಕಡೆಯಿಂದ ಕೇಳುತ್ತಿದ್ದಳು.

ಮೆಟ್ಟಿಲ ಮೇಲೆ ಸರದಿಗೆ ಕಾದು ನಿಂತವರೆಲ್ಲ ನಗುತ್ತಿದ್ದರು. ಗುಬ್ಬಿ ಫೋನನ್ನು ಅಕ್ಕನ ಕಡೆ ತಿರುಗಿಸುವಳು. ತಾಯಿ ಪರದೆಯಲ್ಲಿ ಕೈ ಮುಗಿದು, "ಇವಳನ್ನ ಸ್ವಲ್ಪ ನೋಡ್ಕೋ ತಾಯಿ, ಬಾಯಿ ಜೋರು, ಮೈಯಲ್ಲಿ ಏನೂ ಇಲ್ಲ," ಎನ್ನುವಳು. ನೋಡ್ಕೋತೀನಮ್ಮ ಎಂದು ಅಕ್ಕ ಪ್ರತಿ ಸಲವೂ ಹೇಳಿದ್ದಳು.

ಕೊನೆಯ ಸಲ ತಾಯಿ ಮಗಳಿಗೆ ಜಗಳವಾಯಿತು. ಒಪ್ಪಂದ ಮುಗಿಯುತ್ತಲೇ ಬರುತ್ತೇನೆಂದಿದ್ದ ಗುಬ್ಬಿ ಮನೆಯಲ್ಲಿ ತಿಳಿಸದೆ ಇನ್ನೊಂದು ಒಪ್ಪಂದಕ್ಕೆ ಒಪ್ಪಿಕೊಂಡಿದ್ದಳು. "ಮಗು ನಿನ್ನ ಮುಖ ಮರೀತಾ ಇದೆ ಕಣೇ. ನೀನೇನು ತಾಯಿನೋ, ಫೋನಲ್ಲಿ ಬಂದು ಹೋಗೋ ಬೊಂಬೆನೋ?" ಎಂದು ತಾಯಿ ಅಂದಳು. ಗುಬ್ಬಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಾರ್ಡು ಮುಗಿಯಿತು.

ಮಾರನೆ ದಿನ ಅವಳಿಗೆ ಜ್ವರ. ಅದರ ಮಾರನೆ ದಿನ ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಅಕ್ಕನೇ ಹೋಗಿ ಕೇಳಿದಳು.

"ಕೆಲಸದೋರನ್ನ ಡಾಕ್ಟರು ನೋಡೋದು ಸಂಜೆ," ಎಂದ ಸೂಪರ್‌ವೈಸರ್. "ಅದೂ ಶೀಟು ಮುಗಿಸಿದ ಮೇಲೆ. ಇಲ್ಲಿ ಎಲ್ಲರಿಗೂ ಬಿಸೀನೇ, ಬಾಯ್ಲರ್ ಪಕ್ಕ ನಿಂತವರಿಗೆ ತಣ್ಣಗಿರುತ್ತಾ ಮೈ?"

ಗುಬ್ಬಿ ಶೀಟು ಮಡಚುತ್ತಲೇ ಬಿದ್ದಳು. ಬೀಳುವಾಗ ಹಿಡಿದುಕೊಂಡಿದ್ದ ಶೀಟು ಅವಳ ಮೇಲೆಯೇ ಹರಡಿತು. ಹೊತ್ತುಕೊಂಡು ಹೋದವರು ಬರಿಗೈಲಿ ಬಂದರು. ಹೆಣ ಇಡಲು ಬೇರೆ ಜಾಗವಿಲ್ಲದೆ, ಮೇಲಿನ ಊಟದ ಮೇಜುಗಳಿಗೆಂದು ತಂದಿದ್ದ ಹೂವಿನ ಪೆಟ್ಟಿಗೆಗಳನ್ನು ತಣ್ಣನೆ ಕೋಣೆಯಿಂದ ಹೊರಗಿಟ್ಟು ಅವಳನ್ನು ಒಳಗಿಟ್ಟರೆಂದು ಅಡುಗೆಯವರು ಪಿಸುಗುಟ್ಟಿದರು. ಅಂದು ಸಂಜೆಯೇ ಕೆಲಸದವರ ನೆಟ್ ನಿಂತಿತು. ದುರಸ್ತಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಮೇಲೆ ಅತಿಥಿಗಳು ಮಾತ್ರ ಫೋನು ಹಿಡಿದು ಲೋಕದ ಜೊತೆಯೆಲ್ಲ ಮಾತಾಡುತ್ತ ಓಡಾಡುತ್ತಲೇ ಇದ್ದರು.

"ಮನೆಯವರಿಗೆ ಹೇಳೋದು ಕಂಪನಿ ಕೆಲಸ. ಪ್ರಯಾಣ ಮುಗೀಲಿ, ಹೇಳುತ್ತೆ," ಎಂದು ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ. "ಮಧ್ಯದಲ್ಲಿ ಯಾವ ನನ್ಮಗನ ಬಾಯಿಂದಾದ್ರೂ ಹೊರಗೆ ಬಂತೋ, ಮುಂದಿನ ಬಂದರಲ್ಲಿ ಇಳಿಸಿ ಹೋಗ್ತಾ ಇರ್ತೀವಿ." ಸುದ್ದಿ ಹೊರಬಿದ್ದರೆ ಪೊಲೀಸರು ಹಡಗು ಹತ್ತುತ್ತಾರೆ, ಹಡಗು ನಿಲ್ಲುತ್ತದೆ, ಮೇಲಿನವರ ರಜೆ ಕೆಡುತ್ತದೆ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಗುಬ್ಬಿಯ ದಿಂಬಿನಡಿ ಇದ್ದ ಫೋನನ್ನು ಅಕ್ಕ ಅಂದೇ ತೆಗೆದಿಟ್ಟುಕೊಂಡಳು, ತಾಯಿಯ ನಂಬರು ಇದ್ದದ್ದು ಅದರಲ್ಲೇ. ಅಂದಿನಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ಹಡಗು ಹೊರಳಿದಾಗಲೆಲ್ಲ ಮೇಲಿನ ಮಂಚ ಕಿರುಗುಟ್ಟುತ್ತಿತ್ತು, ಗುಬ್ಬಿ ಮಗ್ಗುಲು ಬದಲಿಸಿದಾಗ ಕಿರುಗುಟ್ಟುತ್ತಿದ್ದ ಹಾಗೆಯೇ. "ಮಲ್ಕೋ ಸುಮ್ನೆ," ಎಂದುಬಿಡುವಳು ಅಕ್ಕ, ಹಳೆಯ ರೂಢಿಯಲ್ಲಿ. ಹೇಳಿದ ಮೇಲೆ ಎದ್ದು ಕೂತು ಮೇಲಿನ ಮಂಚ ತಡವುವಳು. ಬಟ್ಟೆ ಒಣಗಿಸುವ ಯಂತ್ರದ ಡೋಲು ತಿರುಗುವಾಗ ಅದರೊಳಗೆ ಯಾರೋ ಒಂದೇ ಸಮನೆ ಮಾತಾಡಿದಂತಾಗುತ್ತಿತ್ತು. ಅವಳು ಯಂತ್ರ ನಿಲ್ಲಿಸಿ ಬಾಗಿಲು ತೆರೆದು ನೋಡುವಳು. ಬಿಸಿ ಟವಲುಗಳಿರುತ್ತಿದ್ದವು, ಅಷ್ಟೆ.

ಹಡಗು ಒಂದು ಬಂದರಿಗೆ ನಿಂತಿತು. ಅತಿಥಿಗಳು ಟೋಪಿ ಹಾಕಿಕೊಂಡು ಇಳಿದರು. ಕೆಲಸದವರಿಗೆ ಇಳಿಯುವ ಅಪ್ಪಣೆ ಇರಲಿಲ್ಲ. ಸೋಪಿನ ಪೀಪಾಯಿಗಳನ್ನು ಒಳಗೆ ಉರುಳಿಸಿಕೊಳ್ಳಲು ಅಕ್ಕನನ್ನು ಸರಕಿನ ಬಾಗಿಲಿಗೆ ಕಳಿಸಿದರು. ಬಾಗಿಲಿನ ಹತ್ತಿರ ಹೋಗಿದ್ದೇ ತಡ, ಸೊಂಟದಲ್ಲಿ ಫೋನು ಚಿಲಿಪಿಲಿಗುಟ್ಟತೊಡಗಿತು. ಅಕ್ಕ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು. ಹಿಂದೊಮ್ಮೆ ಗುಬ್ಬಿ ಇದೇ ಬಾಗಿಲಲ್ಲಿ ನಿಂತು ಬಂದರಿನ ಬಿಟ್ಟಿ ನೆಟ್‌ನಲ್ಲಿ ಮಾತಾಡಿದ್ದಳು. ಅವಳ ಫೋನು ಅದನ್ನು ಮರೆತಿರಲಿಲ್ಲ.

ಪೀಪಾಯಿಗಳ ಹಿಂದೆ ಕೂತು ಅಕ್ಕ ಫೋನು ತೆಗೆದಳು. ಗುಬ್ಬಿಯ ಬೆರಳು ಆ ಗಾಜಿನ ಮೇಲೆ ಎಳೆಯುತ್ತಿದ್ದ ಗೆರೆ ಅವಳಿಗೆ ನೋಡಿ ನೋಡಿ ಬಾಯಿಪಾಠವಾಗಿತ್ತು. ಬೀಗ ತೆರೆಯಿತು. ತಾಯಿಯ ದನಿ ಒಂದರ ಹಿಂದೊಂದು.

"ಯಾಕೆ ಮಗಾ, ಮಾತೇ ಇಲ್ಲ?"

"ಸಿಟ್ಟು ಬಂತಾ? ಬಾಯಿ ತಪ್ಪಿ ಅಂದೆ ಕಣೇ. ಬೊಂಬೆ ಅಂದಿದ್ದು ತಪ್ಪಾಯ್ತು."

ಆಮೇಲೆ ಮಗುವಿನ ದನಿ. "ಅಮ್ಮ, ನನ್ನ ಹಲ್ಲು ಬಿತ್ತು. ಅಜ್ಜಿ ಡಬ್ಬೀಲಿ ಇಟ್ಟಿದಾಳೆ. ನೀನು ನೋಡೋವರೆಗೂ ಬಿಸಾಕಲ್ವಂತೆ."

ಆಮೇಲೆ ಮತ್ತೆ ತಾಯಿ. "ನಂಜೊತೆ ಮಾತು ಬಿಡು. ಮಗು ಜೊತೆ ಆಡೇ. ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕ ಮಾತು ಕಳಿಸುವ ಗುಂಡಿ ಒತ್ತಿ ಹಿಡಿದು ಫೋನನ್ನು ಬಾಯಿಯ ಹತ್ತಿರ ತಂದಳು. ಅಮ್ಮಾ ಎನ್ನಬೇಕು, ನಾನು ಗುಬ್ಬಿಯ ಅಕ್ಕ ಎನ್ನಬೇಕು. ನಾಲಿಗೆ ಹೊರಳಲಿಲ್ಲ. ಗಂಟಲಿಂದ ಉಸಿರು ಮಾತ್ರ ಬಂತು, ಏದುಸಿರು. "ಲೇ, ಪೀಪಾಯಿ ಹಿಂದೆ ಯಾರು ಅದು, ಉಚ್ಚೆ ಹೊಯ್ಯಕ್ಕೆ ಕೂತಿದ್ಯಾ?" ಎಂದು ಬಾಗಿಲು ಕಾಯುವವನು ಗದರಿದ. ಅಕ್ಕ ಬೆಚ್ಚಿ ಬೆರಳು ಎತ್ತಿದಳು. ಫೋನಿನಿಂದ ಅವಳ ಉಸಿರು ತಾಯಿಯ ಕಡೆಗೆ ಹೊರಟುಹೋಯಿತು.

ಆ ಕಡೆ ತಾಯಿ ಫೋನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳೇನೋ. ಅಕ್ಕ ಪೀಪಾಯಿಗೆ ಕೈ ಹಚ್ಚುವ ಮೊದಲೇ ಉತ್ತರ ಬಂತು. ಬಂದರಿನ ಸದ್ದಿನಲ್ಲೂ ಅವಳು ಕಿವಿಗಿಟ್ಟು ಕೇಳಿದಳು. ತಾಯಿ ಅಳುತ್ತ ನಗುತ್ತಿದ್ದಳು.

"ಉಸಿರು ಕೇಳಿಸ್ತು ಮಗಾ. ಇದೀಯಲ್ಲ, ಅಷ್ಟು ಸಾಕು. ಸಿಟ್ಟು ಇಳಿದಾಗ ಮಾತಾಡು. ನಾನು ಕಾಯ್ತೀನಿ."

ಸರಕಿನ ಬಾಗಿಲು ಮುಚ್ಚಿತು. ಅಕ್ಕ ಬರೆದು ಕಳಿಸಲು ನೋಡಿದಳು, ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಹಡಗು ಹೊರಟಿತ್ತು.

ಸತ್ತವಳ ಉಸಿರನ್ನು ತಾನು ಆಡಿದೆ ಎಂಬುದು ಅಕ್ಕನನ್ನು ಬಿಡಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಆ ಮುದುಕಿ ಆ ಉಸಿರನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿರುವಳು, ಮಗುವಿನ ಕಿವಿಗೂ ಹಿಡಿಯುವಳು. ಕುಳ್ಳಿಯ ಹತ್ತಿರ ಹೇಳಿಕೊಂಡಳು. "ನೀನು ಸುಮ್ನಿರಕ್ಕ," ಎಂದಳು ಕುಳ್ಳಿ, ಸುತ್ತ ನೋಡುತ್ತ. "ಫೋನು ನೀರಿಗೆ ಹಾಕು. ನಮ್ಮನೇಲೂ ಹೊಟ್ಟೆಗಳಿವೆ."

ಅಕ್ಕ ಫೋನನ್ನು ನೀರಿಗೆ ಹಾಕಲಿಲ್ಲ.

ಅದೇ ಹೊತ್ತಿಗೆ ಮೇಲಿಂದ ಕರೆ ಬಂತು. ಯಾರೋ ಅತಿಥಿಯ ರೇಷ್ಮೆ ಉಡುಪು ಹಿಂದೊಮ್ಮೆ ಇಸ್ತ್ರಿಯಲ್ಲಿ ಸುಟ್ಟಿತ್ತಂತೆ. ಈ ಸಲ ಇಸ್ತ್ರಿ ಮಾಡಿದವರೇ ತಂದು ಒಪ್ಪಿಸಬೇಕೆಂದು ಅವರ ಹಟ. ಅಕ್ಕ ಮುಖ ತೊಳೆದುಕೊಂಡು, ಉಡುಪನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಹೊತ್ತುಕೊಂಡು, ಹೆಜ್ಜೆ ಸದ್ದೇ ಆಗದ ಮೆತ್ತನೆಯ ನೆಲದ ಮೇಲೆ ನಡೆದು ಆ ಕೋಣೆಗೆ ಹೋದಳು.

ಒಳಗೆ ಒಬ್ಬ ವಯಸ್ಸಾದ ಹೆಂಗಸು ಕೈಯಲ್ಲಿ ಫೋನು ಹಿಡಿದು ಸಿಡಿಮಿಡಿಗೊಳ್ಳುತ್ತಿದ್ದಳು. "ಇಷ್ಟು ದುಡ್ಡು ಕೊಟ್ಟು ಇಂಟರ್ನೆಟ್ ತಗೊಂಡ್ರೂ ಈ ಗತಿ. ಮೊಮ್ಮಗನ ಮುಖ ಕಲ್ಲಿನ ಹಾಗೆ ನಿಂತ್ಬಿಡುತ್ತೆ." ಉಡುಪನ್ನು ನೋಡಿ ಅವಳ ಮುಖ ಅರಳಿತು. "ಎಷ್ಟು ಚೆನ್ನಾಗಿ ಮಾಡಿದೀರಿ. ಕೂತ್ಕೊಳ್ಳಿ, ನಿಮಗೆ ದಣಿವಾಗಿದೆ."

ಆ ಹಡಗಿನಲ್ಲಿ ಅಕ್ಕನನ್ನು ಯಾರೂ ನೀವು ಎಂದಿರಲಿಲ್ಲ. ಕೂರದೆ, ನಿಂತುಕೊಂಡೇ ಎಲ್ಲ ಹೇಳಿದಳು. ಜ್ವರ, ಶೀಟು, ಹೂವಿನ ಪೆಟ್ಟಿಗೆ, ತಾಯಿ.

"ಒಂದೇ ಸಲ ನಿಮ್ಮ ನೆಟ್ ಕೊಡಿ ಅಮ್ಮ. ಆ ಮುದುಕಿಗೆ ವಿಷಯ ಹೇಳ್ಬಿಡ್ತೀನಿ. ಕಾಯ್ತಾ ಇದಾಳೆ."

ಹೆಂಗಸಿನ ಕಣ್ಣು ತುಂಬಿ ಬಂತು. "ಅಯ್ಯೋ ಪಾಪ. ಖಂಡಿತ ಕೊಡ್ತೀನಿ, ಇದಕ್ಕೂ ಕೇಳ್ಬೇಕಾ? ಇರಿ, ಅವರಿಗೆ ಒಂದು ಮಾತು ತಿಳಿಸ್ಬಿಡ್ತೀನಿ. ಆಮೇಲೆ ನಿಮಗೇ ತೊಂದರೆ ಆಗಬಾರದಲ್ವಾ." ಅಕ್ಕ ಬೇಡ ಎನ್ನುವುದರೊಳಗೆ ಅವಳು ಗೋಡೆಯ ಫೋನು ಎತ್ತಿದ್ದಳು.

ಮ್ಯಾನೇಜರ್ ನಗುನಗುತ್ತ ಬಂದ. "ಕ್ಷಮಿಸಬೇಕು ಮೇಡಂ. ಇವರ ಗೆಳತಿಗೆ ಹುಷಾರಿಲ್ಲ ಅಂತ ಹಿಂದಿನ ಬಂದರಲ್ಲಿ ಊರಿಗೆ ಕಳಿಸಿದ್ವಿ. ಅವತ್ತಿಂದ ಇವರಿಗೆ ಮನಸ್ಸು ಸ್ವಲ್ಪ ಹಿಂಗೆ."

"ಊರಿಗಲ್ಲ. ಕೆಳಗೆ ಹೂವಿನ ಕೋಣೇಲಿದಾಳೆ," ಎಂದಳು ಅಕ್ಕ.

ಮ್ಯಾನೇಜರ್ ಹೆಂಗಸಿನತ್ತ ನೋಡಿ, ನೋಡಿದಿರಾ ಎನ್ನುವಂತೆ ತಲೆಯಾಡಿಸಿದ. ಹೆಂಗಸು ಅಕ್ಕನ ಮುಖ ನೋಡಿದಳು, ಮ್ಯಾನೇಜರನ ಇಸ್ತ್ರಿ ಮಾಡಿದ ಅಂಗಿ ನೋಡಿದಳು. ಅವಳ ಭುಜ ಸಡಿಲವಾಯಿತು. "ಹಾಗಾ. ಸದ್ಯ. ನಾನು ಏನೇನೋ ಅಂದ್ಕೊಂಡೆ. ಅವರಿಗೇನೂ ಶಿಕ್ಷೆ ಕೊಡಬೇಡಿ, ಪಾಪ."

"ಇಲ್ಲ ಮೇಡಂ. ನಿಮಗಾದ ತೊಂದರೆಗೆ ಪ್ರಯಾಣ ಮುಗಿಯೋವರೆಗೆ ನಿಮಗೆ ಇಂಟರ್ನೆಟ್ ಉಚಿತ. ಎಷ್ಟು ಹೊತ್ತು ಬೇಕಾದ್ರೂ ಮೊಮ್ಮಗನ ಜೊತೆ ಮಾತಾಡಿ."

ಕೆಲಸದವರ ಬಾಗಿಲು ದಾಟುತ್ತಲೇ ಅವನ ನಗು ಆರಿತು. "ಏನೇ ಲೌಡಿ, ಅತಿಥಿ ರೂಮಲ್ಲಿ ಹೆಣದ ಕಥೆ ಹೇಳ್ತೀಯಾ? ಮುಂದಿನ ಬಂದರಲ್ಲಿ ಇಳೀತೀಯ ನೀನು. ಫೋನು ನಿನ್ ಹತ್ರಾನೇ ಇದೆ. ಸೂಪರ್‌ವೈಸರ್‌ಗೆ ಹೇಳ್ತೀನಿ, ಬಟ್ಟೆ ಬಿಚ್ಚಿಸಿ ಹುಡುಕ್ತಾನೆ." ಅವಳನ್ನು ಮುಟ್ಟಿ ಹುಡುಕಲು ಅವನಿಗೆ ಹೇಸಿಗೆ. ಕೊಳೆ ಬಟ್ಟೆಯ ವಾಸನೆ ಬರುವ ಮೈ. ಮೂಗು ಒರೆಸಿಕೊಂಡು ಮೇಲಕ್ಕೆ ಹೋದ.

ಅಕ್ಕ ಕಬ್ಬಿಣದ ಮೆಟ್ಟಿಲಿಳಿದು ಬಂದು ಅಲ್ಲೇ ನಿಂತಳು. ಇಳಿಸುತ್ತಾರೆ ಎಂಬುದು ಖಾತ್ರಿಯಾದ ಮೇಲೆ ಹೆದರಲು ಏನೂ ಉಳಿದಿರಲಿಲ್ಲ. ಅತಿಥಿಗಳ ನೆಟ್ ತೆರೆಯಲು ಕೋಣೆಯ ನಂಬರು, ಮನೆತನದ ಹೆಸರು ಸಾಕು. ಬಟ್ಟೆಗೆ ಕಟ್ಟುವ ಪಟ್ಟಿಯಲ್ಲಿ ಇರುವುದೂ ಅವೆರಡೇ. ರೇಷ್ಮೆ ಉಡುಪಿನವಳ ನಂಬರನ್ನೂ ಹೆಸರನ್ನೂ ಒತ್ತಿದಳು. ಫೋನಿನ ಪರದೆಯಲ್ಲಿ ಹಡಗು ಅವಳನ್ನು ಗೌರವದಿಂದ ಸ್ವಾಗತಿಸಿತು.

ಅವಳು ತಾಯಿಗೆ ಕರೆ ಮಾಡಿದಳು. ಮುಖ ಕಾಣುವ ಕರೆ.

ಒಳಗಿನ ಯಂತ್ರಗಳ ಗದ್ದಲಕ್ಕೆ ಏನೂ ಕೇಳಿಸುತ್ತಿರಲಿಲ್ಲ. "ಮೆಲ್ಲಗೆ," ಎಂದು ಅಕ್ಕ ಬಾಗಿಲಿನತ್ತ ಸುಮ್ಮನೆ ಅಂದಳು, ಯಾರಿಗೂ ಅಲ್ಲ. ಬಾಗಿಲಲ್ಲಿ ಕುಳ್ಳಿ ನಿಂತಿದ್ದಳು. ಅವಳು ಅಕ್ಕನ ಕೈಯ ಫೋನು ನೋಡಿದಳು. ಒಳಗೆ ಹೋಗಿ, ಗೋಡೆಯ ದೊಡ್ಡ ಸ್ವಿಚ್ಚಿಗೆ ಎರಡೂ ಕೈ ಹಾಕಿ ಕೆಳಗೆಳೆದಳು. ಉರುಳೆಗಳು ನಿಂತವು, ಡೋಲುಗಳು ನಿಧಾನವಾಗಿ ನಿಂತವು. ಲಾಂಡ್ರಿ ಅಷ್ಟು ನಿಶ್ಶಬ್ದವಾದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಮೆಟ್ಟಿಲ ಬಳಿ ಬಂದರು.

"ಸಿಟ್ಟು ಇಳೀತಾ ಮಗಾ?" ತಾಯಿಯ ಮುಖ ಪರದೆ ತುಂಬ ಬಂತು. ಆಮೇಲೆ ಅವಳು ಕಣ್ಣು ಕಿರಿದು ಮಾಡಿದಳು. "ಯಾರು? ಅಕ್ಕನಾ? ಅವಳೆಲ್ಲಿ ತಾಯಿ?"

"ಅಮ್ಮ, ಕೂತ್ಕೊಂಡಿದೀಯಾ?"

"ಅವಳೆಲ್ಲಿ?"

"ಹೋಗ್ಬಿಟ್ಟಳಮ್ಮ. ಜ್ವರ ಬಂದಿತ್ತು. ಡಾಕ್ಟರಿಗೆ ತೋರಿಸ್ಲಿಲ್ಲ. ಕೆಲಸ ಮಾಡ್ತಾನೇ ಬಿದ್ದಳು. ಬಂದರಿಗೆ ಬರೋಕೆ ಮುಂಚೇನೇ."

ತಾಯಿ ಅಳಲಿಲ್ಲ. ಲೆಕ್ಕ ತಪ್ಪಿದವಳ ಹಾಗೆ ತುಟಿ ಅಲುಗಿಸಿದಳು. "ಇಲ್ಲ. ಬಂದರಲ್ಲಿ ಉಸಿರು ಕೇಳಿಸ್ತಲ್ಲ. ನಾನೇ ಕೇಳಿದೀನಿ. ಮಗೂಗೂ ಕೇಳಿಸಿದೀನಿ."

"ಅದು ನಂದಮ್ಮ."

"ನಿಂದಾ."

"ನಂದು. ಹೇಳೋಕೆ ಹೋದೆ, ಬಾಯಿ ಬರ್ಲಿಲ್ಲ."

ಬಹಳ ಹೊತ್ತು ಆ ಕಡೆ ಒಂದು ಗೋಡೆ ಮಾತ್ರ ಕಾಣಿಸಿತು. ಫೋನು ಕೈಯಿಂದ ಜಾರಿರಬೇಕು. ಮೆಟ್ಟಿಲ ಮೇಲೆ ಯಾರೋ ಬಿಕ್ಕಿದರು. ಮತ್ತೆ ತಾಯಿಯ ಮುಖ ಬಂತು. ಅಷ್ಟರಲ್ಲೇ ಆ ಮುಖ ಬೇರೆಯಾಗಿತ್ತು.

"ಎಲ್ಲಿಟ್ಟಿದಾರೆ?"

"ಇಲ್ಲೇ. ತಣ್ಣಗಿರೋ ಕೋಣೇಲಿ."

"ಮುಖ ತೋರ್ಸು. ಉಸಿರು ನಂಬಿ ಒಂದ್ಸಲ ಕೆಟ್ಟೆ. ಮುಖ ನೋಡದೆ ನಾನು ಯಾರ ಮಾತೂ ನಂಬಲ್ಲ."

ಅಕ್ಕ ಫೋನನ್ನು ಎದೆಯ ಮುಂದೆ ಹಿಡಿದು ನಡೆದಳು, ತಾಯಿಯ ಕಣ್ಣು ಮುಂದಕ್ಕಿರುವಂತೆ. ಕುಳ್ಳಿ ಅವಳ ಪಕ್ಕಕ್ಕೆ ಬಂದಳು. ಹಿಂದೆ ಲಾಂಡ್ರಿಯವರೆಲ್ಲ. ಕೆಲಸದವರ ಆ ಉದ್ದನೆಯ ಓಣಿಯಲ್ಲಿ ಪಾತ್ರೆ ತೊಳೆಯುವವರು, ನೆಲ ಒರೆಸುವವರು ಬಾಗಿಲಿಗೆ ಬಂದು ನೋಡಿದರು. ಕೆಲವರು ಒಳಗೆ ಸರಿದರು, ಕೆಲವರು ಕೈ ಒರೆಸಿಕೊಂಡು ಜೊತೆ ಸೇರಿದರು. ಸೂಪರ್‌ವೈಸರ್ ಎದುರಿನಿಂದ ಓಡಿಬಂದ.

"ಯಾವ ಸೂಳೆಮಗಂದು ಮಿಷಿನ್ ನಿಲ್ಸಿದ್ದು? ಮೇಲೆ ಟವಲಿಲ್ಲ ಅಂತ ಫೋನ್ ಮೇಲೆ ಫೋನು. ಕೊಡೇ ಅದನ್ನ."

"ಯಾರಪ್ಪ ನೀನು?" ಎಂದಳು ತಾಯಿ ಫೋನಿನೊಳಗಿಂದ.

ಅವನ ಚಾಚಿದ ಕೈ ಹಾಗೇ ನಿಂತಿತು.

"ನನ್ನ ಮಗಳಿಗೆ ಕೆಲಸ ಹೇಳ್ತಿದ್ದವನು ನೀನೇನಾ? ದಾರಿ ಬಿಡು, ಅವಳನ್ನ ನೋಡ್ಬೇಕು."

ಅವನು ದಾರಿ ಬಿಟ್ಟನೋ, ಜನ ಅವನನ್ನು ಗೋಡೆಗೆ ಒತ್ತಿಕೊಂಡು ಹೋದರೋ, ಆಮೇಲೆ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ.

ತಣ್ಣನೆ ಕೋಣೆಯ ಉಕ್ಕಿನ ಬಾಗಿಲಿಗೆ ಬೀಗ ಬಿದ್ದಿತ್ತು. ಕೀಲಿ ಮ್ಯಾನೇಜರನ ಹತ್ತಿರ. ಅವನು ಬಂದ, ಜನರನ್ನು ನೋಡಿದ, ಫೋನಿನ ಕಣ್ಣು ತನ್ನ ಕಡೆಗಿರುವುದನ್ನು ನೋಡಿ ಅಂಗಿಯ ಕೊರಳುಪಟ್ಟಿ ಸರಿಮಾಡಿಕೊಂಡ. "ಮೊದಲು ಆ ಕರೆ ನಿಲ್ಸಿ. ಆಮೇಲೆ ಕೂತು ಮಾತಾಡೋಣ," ಎಂದ, ನೀವು ಎನ್ನುವವರ ದನಿಯಲ್ಲಿ.

"ನಾನು ಇಡಲ್ಲ," ಎಂದಳು ತಾಯಿ. "ಬಾಗಿಲು ತೆಗೆಯೋವರೆಗೂ ಇಡಲ್ಲ."

ಅವನು ರೇಡಿಯೋದಲ್ಲಿ ಯಾರ ಜೊತೆಗೋ ತಗ್ಗಿದ ದನಿಯಲ್ಲಿ ಮಾತಾಡುತ್ತ ಹಿಂದೆ ಸರಿದ. ಕೀಲಿ ಹೊರಬರಲಿಲ್ಲ. ಕುಳ್ಳಿ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು, ಓಣಿಯ ಉದ್ದಕ್ಕೂ. ಉಕ್ಕಿನ ತಣ್ಣನೆ ಅವರ ಬೆನ್ನಿಗೆ ಇಳಿಯುತ್ತಿತ್ತು. ಪರದೆಯಲ್ಲಿ ತಾಯಿಯ ಪಕ್ಕಕ್ಕೆ ಮಗುವೂ ಬಂದು ಕೂತು, ಹಲ್ಲು ಬಿದ್ದ ಬಾಯಿ ತೆರೆದುಕೊಂಡು, ಮುಚ್ಚಿದ ಬಾಗಿಲನ್ನು ನೋಡತೊಡಗಿತು. ಅಕ್ಕನ ಕೈ ಸೋತಾಗ ಫೋನು ಇನ್ನೊಂದು ಕೈಗೆ ಹೋಯಿತು, ಆ ಕೈ ಸೋತಾಗ ಮತ್ತೊಂದಕ್ಕೆ.